ಬಸುರಿ ತಕ್ಕಡಿ ಏರಿದ ದಿನ

ಮಂಡಿ ಮೊಹಲ್ಲಾದಲ್ಲಿ ನಮ್ಮ ಮಾವನವರ ದವಸದ ಅಂಗಡಿ, ಅದರ ಮೇಲೆ ನಮ್ಮ ಮನೆ. ಕೆಳಗೆ ರಾಗಿ, ಹುರುಳಿ, ಹೆಸರುಕಾಳಿನ ಮೂಟೆಗಳನ್ನು ತೊಲೆ ಮುಟ್ಟುವ ಹಾಗೆ ಪೇರಿಸಿರುತ್ತಿದ್ದರು. ಮೇಲೆ ನಾನು, ಐದು ತಿಂಗಳು ತುಂಬಿದ ಬಸುರಿ, ಹಸಿದುಕೊಂಡು ಕೂತಿರುತ್ತಿದ್ದೆ. ಊರಿಗೆಲ್ಲ ದವಸ ಮಾರುವ ಮನೆಯಲ್ಲಿ ಸೊಸೆಗೆ ಹೊತ್ತಿಗೆ ಅರ್ಧ ಮುದ್ದೆ. ಈಗ ನೆನೆದರೂ ನನಗೆ ಮೈ ಉರಿಯುತ್ತದೆ.

ಅತ್ತೆ ಪುಟ್ಟತಾಯಮ್ಮನವರು ಜಿಪುಣಿ ಎಂದರೆ ನನ್ನ ನಾಲಿಗೆ ಬಿದ್ದುಹೋಗುತ್ತದೆ. ಬಾಗಿಲಿಗೆ ಬಂದವರನ್ನು ಅವರು ಬರಿಗೈಯಲ್ಲಿ ಕಳಿಸಿದ್ದನ್ನು ನಾನು ಕಂಡಿಲ್ಲ. ಅವರಿಗಿದ್ದದ್ದು ಭಯ. ನನ್ನ ಮದುವೆಗೆ ಮುಂಚೆ ಅವರ ಒಬ್ಬಳೇ ಮಗಳು ಭಾಗ್ಯಮ್ಮ ಚೊಚ್ಚಲ ಹೆರಿಗೆಗೆಂದು ಈ ಮನೆಗೆ ಬಂದಿದ್ದಳು. ಮಗು ದಪ್ಪವಿತ್ತು, ಹೊರಗೆ ಬರಲಿಲ್ಲ. ತಾಯಿ ಮಗು ಇಬ್ಬರೂ ಹೋದರು. ಅವತ್ತಿನಿಂದ ಅತ್ತೆಯ ತಲೆಯಲ್ಲಿ ಒಂದೇ ಮಾತು: ಬಸುರಿ ಹೆಚ್ಚು ಉಂಡರೆ ಮಗು ಬೆಳೆಯುತ್ತದೆ, ಮಗು ಬೆಳೆದರೆ ತಾಯಿ ಸಾಯುತ್ತಾಳೆ.

"ಸಣ್ಣುಕ್ಕೆ ಹುಟ್ಲಿ ಕಣವ್ವ. ಆಚೆ ಬಂದ್ಮೇಲೆ ಎಷ್ಟು ಬೇಕೋ ಅಷ್ಟು ಬೆಳ್ಕೊಳ್ಳಿ," ಎನ್ನುತ್ತ ಮುದ್ದೆಯನ್ನು ಎರಡು ಮಾಡಿ ಒಂದು ಪಾಲನ್ನು ಮಡಕೆಗೇ ಹಾಕುತ್ತಿದ್ದರು.

ನನ್ನ ಮೈಯೋ, ಯಾರ ಮಾತನ್ನೂ ಕೇಳುವಂತಿರಲಿಲ್ಲ. ಮೊದಲ ಮೂರು ತಿಂಗಳು ನೀರು ಕುಡಿದರೂ ಕಕ್ಕಿಸಿದ ಮೈ, ಈಗ ಬೆಳಗಾದರೆ ಊಟ ಊಟ ಎಂದು ಪೀಡಿಸುತ್ತಿತ್ತು. ಹೊಕ್ಕುಳಿಂದ ಕೆಳಕ್ಕೆ ಒಂದು ಕಪ್ಪು ಗೆರೆ ಎದ್ದಿತ್ತು. ಕೆನ್ನೆಯ ಮೇಲೆ ಕಂದು ಬಣ್ಣ ಹರಡಿತ್ತು. ಕೈಕಾಲು ಬಡವಾಗಿ ಹೊಟ್ಟೆಯೊಂದೇ ಮುಂದಕ್ಕೆ ಬಂದಿತ್ತು. ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತ ಕೂತಿದ್ದಾಗ ಒಳಗೆ ಏನೋ ಪುಳಕ್ಕೆಂದಿತು, ಕೆರೆಯ ಮೀನು ಬಾಲ ಒದರಿದ ಹಾಗೆ. ನಾನು ಮೊರ ಕೆಳಗಿಟ್ಟು ಒಬ್ಬಳೇ ನಕ್ಕೆ. ಆಮೇಲೆ ಹೊಟ್ಟೆ ಹಸಿದಾಗಲೆಲ್ಲ ಒಳಗಿರುವುದಕ್ಕೂ ಹಸಿದಿದೆ ಎಂದೇ ಅನ್ನಿಸತೊಡಗಿತು. ನನ್ನ ಹಸಿವನ್ನು ತಡೆದುಕೊಂಡೇನು, ಅದರ ಹಸಿವನ್ನು ತಡೆದುಕೊಳ್ಳುವುದು ಹೇಗೆ?

ನಮ್ಮ ಯಜಮಾನರು ಚೆಲುವರಾಜು ಒಳ್ಳೆಯವರು, ಆದರೆ ತಾಯಿಯ ಮುಂದೆ ಅವರಿಗೆ ಬಾಯಿಲ್ಲ. ಅಂಗಡಿಯಿಂದ ಬರುವಾಗ ಜೇಬಿನಲ್ಲಿ ಹುರಿಗಡಲೆ, ಬೆಲ್ಲದ ಚೂರು ತಂದು ಬಾಗಿಲ ಮರೆಯಲ್ಲಿ ಕೊಡುತ್ತಿದ್ದರು. ಒಂದೆರಡು ದಿನ ತಿಂದೆ. ಆಮೇಲೆ ನನಗೇ ಅಸಹ್ಯವಾಯಿತು. ಇಲವಾಲದ ನನ್ನ ತವರಿನಲ್ಲಿ ಆಳುಕಾಳುಗಳೂ ಸಾಕು ಎನ್ನುವ ತನಕ ಉಣ್ಣುತ್ತಿದ್ದರು.

"ಕದ್ದು ತಿನ್ನಾಕೆ ನಾನೇನು ಮೂಟೆ ಕೊರೆಯೋ ಹೆಗ್ಗಣವಾ? ನಿಮ್ಮವ್ವನ ಎದುರ್ಗೆ ಕೊಡಿ, ತಿಂತೀನಿ," ಎಂದೆ.

ಅವರು ಹುರಿಗಡಲೆಯನ್ನು ಮತ್ತೆ ಜೇಬಿಗೆ ಹಾಕಿಕೊಂಡರು.

ಹೆರಿಗೆ ಆಸ್ಪತ್ರೆಗೆ ಅತ್ತೆಯೇ ಜಟಕಾದಲ್ಲಿ ಕರೆದುಕೊಂಡು ಹೋದರು. ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ ಹುಬ್ಬು ಗಂಟಿಕ್ಕಿದರು. "ತಿಂಗಳಿಗೆ ತಕ್ಕ ಹಾಗೆ ಮಗು ಬೆಳೆದಿಲ್ಲ. ಇದು ಮೂಳೆ ಬಲಿಯೋ ಕಾಲ. ಈಕೆ ತೂಕ ಏರಬೇಕು, ಹೋದ ಸಲಕ್ಕಿಂತ ಇಳಿದಿದೆ. ರಾಗಿ, ಸೊಪ್ಪು, ಕಾಳು, ಹಾಲು, ನೀವು ತಿನ್ನೋರಾದ್ರೆ ಮೊಟ್ಟೆ, ಹೊಟ್ಟೆ ತುಂಬ ಕೊಡಿ. ಹೀಗೇ ಬಿಟ್ರೆ ಮಗು ಉಳಿಯೋದು ಕಷ್ಟ."

ಅತ್ತೆ ಮಗಳ ವಿಷಯ ಹೇಳಿದರು. ಡಾಕ್ಟರಮ್ಮ ತಾಳ್ಮೆಯಿಂದ ಕೇಳಿ, "ನೋವು ಬಂದ ತಕ್ಷಣ ಇಲ್ಲಿಗೆ ಕರ್ಕೊಂಡು ಬನ್ನಿ, ನಾವು ನೋಡ್ಕೋತೀವಿ. ಅದಕ್ಕೋಸ್ಕರ ಈಗಿಂದ ಉಪವಾಸ ಕೆಡವಬೇಡಿ," ಎಂದರು.

ಜಟಕಾ ಹತ್ತಿದ ಮೇಲೆ ಅತ್ತೆ, "ಹೊಟ್ಟೆ ಇಷ್ಟು ಮುಂದುಕ್ ಬಂದದೆ, ತೂಕ ಎಂಗೆ ಇಳೀತದೆ? ಅವರ ಮಿಷನ್ನು ಕೆಟ್ಟೋಗದೆ ಬುಡು," ಎಂದರು. ಮನೆಗೆ ಬಂದು ಊಟಕ್ಕೆ ಕೂತರೆ ತಟ್ಟೆಯಲ್ಲಿ ಅದೇ ಅರ್ಧ ಮುದ್ದೆ.

ನಾನು ತಟ್ಟೆ ಬಿಟ್ಟು ಎದ್ದೆ. ಮೆಟ್ಟಿಲು ಇಳಿದು ನೇರವಾಗಿ ಅಂಗಡಿಗೆ ನಡೆದೆ. ವ್ಯಾಪಾರದ ಹೊತ್ತಿನಲ್ಲಿ ಮನೆಯ ಹೆಂಗಸರು ಅಲ್ಲಿಗೆ ಕಾಲಿಡುವ ಪದ್ಧತಿ ಇರಲಿಲ್ಲ. ನಾಲ್ಕಾರು ವ್ಯಾಪಾರಿಗಳಿದ್ದರು, ಹಮಾಲಿಗಳಿದ್ದರು. ತೊಲೆಯಿಂದ ಸರಪಳಿಯಲ್ಲಿ ತೂಗುಬಿಟ್ಟಿದ್ದ ದೊಡ್ಡ ತಕ್ಕಡಿ ಖಾಲಿ ಇತ್ತು. ಹಿಂದಿನ ಆಯುಧಪೂಜೆಯಲ್ಲಿ ಹೊಸ ಸೊಸೆಯೆಂದು ಮಾವ ರಾಮಯ್ಯನವರೇ ನನ್ನನ್ನು ಅದರಲ್ಲಿ ಕೂರಿಸಿ, ನನ್ನ ತೂಕದ ಬೆಲ್ಲವನ್ನು ಹಮಾಲಿಗಳಿಗೆ ಹಂಚಿದ್ದರು. ನಾಲ್ಕು ದೊಡ್ಡ ತೂಕದ ಬಟ್ಟಿಗೆ ಸರಿಯಾಗಿ ತೂಗಿದ್ದೆ. ಬಾಯಿ ಸುಳ್ಳು ಹೇಳೀತು, ತಕ್ಕಡಿ ಹೇಳುವುದಿಲ್ಲ ಎಂದು ಮಾವ ದಿನಕ್ಕೊಮ್ಮೆಯಾದರೂ ಯಾರಿಗಾದರೂ ಹೇಳುತ್ತಿದ್ದರು.

ನಾನು ಹೋಗಿ ತಕ್ಕಡಿಯ ಹಲಗೆಯ ಮೇಲೆ ಕೂತೆ.

"ತೂಗಿ ಮಾವ," ಎಂದೆ.

ಯಜಮಾನರು ಬಿಳಿಚಿಕೊಂಡು ನಿಂತರು. ಹಳೆಯ ಹಮಾಲಿ ಜವರಯ್ಯ ಹತ್ತಿರ ಬಂದು, "ಬಸುರಿ ಹೆಂಗ್ಸು ತಕ್ಕಡಿ ಮೇಲೆ ಕೂರಬಾರ್ದು ಕಣವ್ವ, ದೃಷ್ಟಿ ಆಯ್ತದೆ," ಎಂದ.

"ದೃಷ್ಟಿ ಆಗೋಕೆ ಮೈಮೇಲೆ ಏನಾದ್ರೂ ಇರ್ಬೇಕಲ್ಲಣ್ಣ. ಹಬ್ಬದಲ್ಲಿ ಕೂತಾಗ ನಾನೊಬ್ಳೇ ಇದ್ದೆ. ಈಗ ಇಬ್ರಿದ್ದೀವಿ. ಎಷ್ಟು ಹೆಚ್ಚಾಗಿದ್ದೀವಿ ಅಂತ ಎಲ್ರೂ ನೋಡ್ಬುಡ್ಲಿ."

ಮಾವ ನನ್ನನ್ನು ಬೈಯುತ್ತಾರೆಂದು ಎಲ್ಲರೂ ಕಾದರು. ಅವರು ಬೈಯಲಿಲ್ಲ. ಎದ್ದು ಬಂದು ತಾವೇ ಬಟ್ಟು ಎತ್ತಿ ಆ ಕಡೆಯ ಹಲಗೆಗೆ ಇಡತೊಡಗಿದರು. ನಾಲ್ಕನೆಯದನ್ನು ಇಟ್ಟ ಕೂಡಲೇ ಬಟ್ಟಿನ ಹಲಗೆ ದಡ್ಡನೆ ನೆಲಕ್ಕೆ ಕೂತಿತು. ನಾನು ಈ ಕಡೆ ಮೇಲೆ ಹೋಗಿ ಕಾಲು ಜೋಲಾಡಿಸುತ್ತಿದ್ದೆ. ಮಾವ ಸರಪಳಿ ಸರಿಮಾಡಿ ಇನ್ನೊಮ್ಮೆ ನೋಡಿದರು. ನಾನು ಮೇಲೇ ಇದ್ದೆ.

ಅಷ್ಟರಲ್ಲಿ ಅತ್ತೆ ಮೆಟ್ಟಿಲ ಮೇಲೆ ಬಂದು ನಿಂತಿದ್ದರು. ಮಾವ ಅವರ ಕಡೆ ತಿರುಗಿ ಮೆಲ್ಲಗೆ, "ತಕ್ಕಡಿ ನಮ್ದೇ ಕಣೆ," ಎಂದರು.

"ನನ್ ಮಗಳು ತುಂಬ್ಕೊಂಡಿದ್ಲು," ಎಂದರು ಅತ್ತೆ. ಅವರ ದನಿ ಅಂಗಡಿಗೆಲ್ಲ ಕೇಳುತ್ತಿತ್ತು. "ದಿನಾ ಹಾಲು ತಂದು ಕುಡುಸ್ತಿದ್ದೋರು ನೀವೇ. ಎಷ್ಟು ಭಾರ ಇದ್ಲು ಅಂತ ಚಟ್ಟ ಹೊತ್ಕೊಂಡೋದ ಜವರಯ್ಯನ್ನೇ ಕೇಳಿ."

ಜವರಯ್ಯ ತಲೆ ತಗ್ಗಿಸಿದ. ನನಗೆ ಆ ತಾಯಿಯನ್ನು ಅಪ್ಪಿಕೊಳ್ಳಬೇಕೆನ್ನಿಸಿತು. ಆದರೆ ಅಲ್ಲಿ ಕರಗಿದ್ದರೆ ನನ್ನ ಮಗು ಅವತ್ತೇ ಹೋದಂತೆ. ಹಲಗೆಯಿಂದ ಇಳಿಯದೆಯೇ ಹೇಳಿದೆ.

"ಭಾಗ್ಯಮ್ಮತ್ತಿಗೆ ಹೋಗಿದ್ದುಕ್ಕೆ ನನ್ ಕೂಸು ಯಾಕತ್ತೆ ಉಪವಾಸ ಇರ್ಬೇಕು? ಉಂಡು ಸತ್ರೆ ಅದು ನನ್ ಹಣೇಬರ. ಹಸ್ದು ಸತ್ರೆ ಅದು ನಿಮ್ಮ ಕೈ ಮೇಲೆ ಬರ್ತದೆ. ಯಾವ್ದು ಬೇಕು ನೀವೇ ಹೇಳಿ."

ಅತ್ತೆ ತಿರುಗಿ ಮೇಲಕ್ಕೆ ಹೋದರು. ಯಜಮಾನರು ಬಂದು ಎಲ್ಲರೆದುರಿಗೆ ನನ್ನ ಕೈ ಹಿಡಿದು ಇಳಿಸಿದರು. ಮದುವೆಯಾದ ಮೇಲೆ ಅವರು ಮಾಡಿದ ಮೊದಲ ಗಂಡಸುತನದ ಕೆಲಸ ಅದು.

ನಾನು ಅಡುಗೆಮನೆಗೆ ಹೋದಾಗ ಅತ್ತೆ ಹೊಸದಾಗಿ ಎಸರಿಟ್ಟು ಹಿಟ್ಟು ತೊಳಸುತ್ತಿದ್ದರು. ನನ್ನ ಕಡೆ ನೋಡಲಿಲ್ಲ. ಇಡೀ ಮುದ್ದೆ ಕಟ್ಟಿ ತಟ್ಟೆಗೆ ಹಾಕಿ, ನುಗ್ಗೆಸೊಪ್ಪಿನ ಸಾರು ಬಿಟ್ಟು, ಮೇಲೆ ತುಪ್ಪ ಹಾಕಿದರು. ನಾನು ನಾಚಿಕೆ ಬಿಟ್ಟು ಉಂಡೆ. ಅದು ಮುಗಿಯುವ ಮೊದಲೇ ಇನ್ನೊಂದು ಮುದ್ದೆ ತಂದರು. ಮುದ್ದೆ ತಟ್ಟೆಯ ಅಂಚಿಗೆ ಬಿತ್ತು. ಅವರು ನನ್ನೆದುರಿಗೇ ಕುಸಿದು ಕೂತು, ಸೆರಗಿನಿಂದ ಮುಖ ಒರೆಸಿಕೊಂಡರು.

"ಉಣ್ಣು. ಆದ್ರೆ ಸಾಯ್ಬ್ಯಾಡ ಕಣವ್ವ," ಎಂದರು.

"ಸಾಯಲ್ಲ ಅತ್ತೆ," ಎಂದು ನಾನು ತಟ್ಟೆಯನ್ನು ಅವರ ಮುಂದಕ್ಕೆ ತಳ್ಳಿದೆ. "ಇನ್ನೊಂದು ಸೌಟು ಸಾರು ಬುಡಿ."