ಕಾಂಬುದೋ, ಕೇಂಬುದೋ

“ಮಂಜಣ್ಣ, ನಡುವಿನ ಚುಕ್ಕಿ ಬಿಟ್ಟ್ ಬೇರೆಲ್ಲೂ ಕಾಂಬುಕಾಗ. ಬದೀಲ್ ಬೆಳ್ಕ್ ಕಂಡ್ರ್ ಮಾತ್ರ ಒತ್ತಿ, ಆಯ್ತಾ?” ಎಂದು ಪರೀಕ್ಷೆ ಮಾಡುವ ಹುಡುಗಿ ಶ್ರೀಲತಾ ಅವನ ಬಲಗಣ್ಣಿಗೆ ಪಟ್ಟಿ ಅಂಟಿಸಿ, ಬಟನ್ ಕೈಗಿಟ್ಟಳು. ಮಂಜ ಯಂತ್ರದ ಮೇಲೆ ಗದ್ದವೂರಿ ಬಿಳಿ ಬೋಗುಣಿಯೊಳಗೆ ಮುಖ ತೂರಿಸಿದ. ಕುಂದಾಪುರದ ಈ ಕಣ್ಣಾಸ್ಪತ್ರೆಯಲ್ಲಿ ಇದು ಮೂರನೆಯ ಪರೀಕ್ಷೆ. ಹೊರಗೆ ಬೆಂಚು ತುಂಬಿದ್ದರಿಂದ ಹೆಂಡತಿ ಸುಗುಣಳಿಗೆ ಇವತ್ತು ಕತ್ತಲೆ ಕೋಣೆಯ ಮೂಲೆಯಲ್ಲೇ ಒಂದು ಸ್ಟೂಲು ಸಿಕ್ಕಿತ್ತು. ಈ ಕಣ್ಣಿನ ಹಿಂದೆ ಅಲೆದು ಅಲೆದು ಅವಳಿಗೆ ಸಾಕೋ ಸಾಕಾಗಿತ್ತು.

ಗ್ಲಾಕೋಮಾ ಬದಿಯ ನೋಟವನ್ನು ಸದ್ದಿಲ್ಲದೆ ತಿನ್ನುತ್ತದೆ, ಹೋದ ನೋಟ ವಾಪಸು ಬರುವುದಿಲ್ಲ ಎಂದಿದ್ದರು ಡಾಕ್ಟರು. ಸರಿ, ಎಷ್ಟು ತಿಂದಿದೆಯೆಂದಾದರೂ ಹೇಳಬಾರದೇ? ಮೊದಲ ಪರೀಕ್ಷೆಯ ಕಾಗದದಲ್ಲಿ ಎಡಗಣ್ಣಿನ ಎಡಬದಿಯೆಲ್ಲ ಮಸಿ ಬಳಿದಷ್ಟು ಕಪ್ಪು. ಎರಡನೆಯದರಲ್ಲಿ ಅದೇ ಕಣ್ಣು ಬಿಳಿಬಿಳಿ. ಒಂದಕ್ಕೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ! “ಸುಸ್ತಾಗಿದ್ದರೆ, ನಿದ್ದೆಗೆಟ್ಟಿದ್ದರೆ ಹೀಗೆ ಹೆಚ್ಚುಕಮ್ಮಿ ಆಗುವುದುಂಟು. ಇನ್ನೊಮ್ಮೆ ನೋಡೋಣ,” ಎಂದಿದ್ದರು. ಬಿಳಿ ಬಂದ ದಿನ ಸುಗುಣ ಆನೆಗುಡ್ಡೆಗೆ ಹೋಗಿ ಹಣ್ಣುಕಾಯಿ ಮಾಡಿಸಿ ಬಂದಿದ್ದಳು. ಇವತ್ತೂ ಹೋಗಿದ್ದಳು. “ಗಣಪತಿಗೂ ನನ್ನ್ ಮುಸುಡ್ ಕಂಡ್ ಕಂಡ್ ಬೇಜಾರ್ ಬಂದಿರ್ಕ್” ಎಂದು ಬಸ್ಸಿನಲ್ಲಿ ಗೊಣಗಿಯೂ ಇದ್ದಳು.

ಮಳೆಗಾಲದ ರಜೆ ಮುಗಿದು ಬೋಟುಗಳು ಕಡಲಿಗಿಳಿಯುವ ಹೊತ್ತು ಹತ್ತಿರ ಬಂದಿತ್ತು. ಮಂಜ ಗಂಗೊಳ್ಳಿಯ ಬೋಟೊಂದರ ತಾಂಡೇಲ. ಚುಕ್ಕಾಣಿ ಅವನ ಕೈಯಲ್ಲಿ. ಮಗ ಯತೀಶನೂ ಅದೇ ಬೋಟಿನಲ್ಲಿ ಬಲೆ ಎಳೆಯುತ್ತಾನೆ. ಬೇಸಿಗೆಯಲ್ಲೊಮ್ಮೆ, ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ಎಡದಿಂದ ಬಂದ ದೋಣಿ ಮಂಜನಿಗೆ ಕಾಣಲೇ ಇಲ್ಲ. ಯತೀಶ ಬೊಬ್ಬೆ ಹೊಡೆದದ್ದಕ್ಕೆ ಜೀವ ಉಳಿದಿತ್ತು. “ಕಾಗ್ದ ಸಮ ಬಂದ್ರ್ ನೀವೇ ತಾಂಡೇಲ್ರ್. ಇಲ್ದಿದ್ರ್ ಬ್ಯಾಡ,” ಎಂದಿದ್ದ ಬೋಟಿನ ಧಣಿ ಉಲ್ಲಾಸ್. ಚುಕ್ಕಾಣಿ ಬಿಟ್ಟ ಗಂಡ ಮನೆಯ ಜಗಲಿಯಲ್ಲಿ ಹೇಗೆ ಕೂತಾನು? ಬಿಳಿಯೇ ಬರಲಿ ದೇವರೇ ಎಂದು ಸುಗುಣ ಕೈ ಮುಗಿದು ಕೂತಳು.

ಟಿಕ್ ಎಂದಿತು ಯಂತ್ರ. ಮಂಜನ ಹೆಬ್ಬೆರಳು ಒತ್ತಿತು. ಟಿಕ್. ಒತ್ತಿತು. ಟಿಕ್. ಒತ್ತಿತು. ಅಬ್ಬ, ಎಲ್ಲ ಕಾಣುತ್ತಿದೆಯಲ್ಲ! ಸುಗುಣಳ ಜೀವ ಹಗುರವಾಯಿತು.

ಅಷ್ಟರಲ್ಲಿ ಹೊರಗಿನಿಂದ ಯಾರೋ ಕರೆದರು. ಶ್ರೀಲತಾ ಯಂತ್ರ ನಿಲ್ಲಿಸಿ ಎದ್ದು ಹೋದಳು. ಹೋಗುವಾಗ ಬಾಗಿಲ ಚಿಲಕ ಟಿಕ್ ಎಂದಿತು.

ಮಂಜನ ಹೆಬ್ಬೆರಳು ಒತ್ತಿತು.

ಯಂತ್ರ ನಿಂತಿತ್ತು, ಬೆಳಕೇ ಬಿದ್ದಿರಲಿಲ್ಲ. ಸುಗುಣ ಸ್ಟೂಲಿನಿಂದ ಅರ್ಧ ಎದ್ದಳು. ಕಗ್ಗತ್ತಲಲ್ಲಿ ತೆರೆಯ ಸದ್ದು ಕೇಳಿಯೇ ಅಳಿವೆ ದಾಟಿಸುವ ಗಂಡಸು. ಆ ಕಿವಿಯ ಬಗ್ಗೆ ಊರೆಲ್ಲ ಜಂಬ ಕೊಚ್ಚಿಕೊಂಡವಳು ಅವಳೇ.

“ಹ್ವಾಯ್.”

“ಎಂತ?”

“ಆ ಬೆಳ್ಕ್ ನಿಮ್ಗ್ ಕಾಂಬುದಾ, ಕೇಂಬುದಾ?”

ಮಂಜ ಬೋಗುಣಿಯಿಂದ ಮುಖ ಎತ್ತಲಿಲ್ಲ. “ಸುಮ್ನಿರ್ ಮಾರಾಯ್ತಿ. ಹ್ವಾದ್ ಸಲವೂ ಹೀಂಗೇ ಪಾಸಾಯ್ತಲೆ.”

“ಬೋಟಲ್ಲ್ ಯತೀಶನೂ ಇರ್ತ ಅಲ್ದಾ?”

ಅವನು ಬೋಗುಣಿಯಿಂದ ಮುಖ ಹೊರಗೆಳೆದ. ಆಮೇಲೆ, “ಕೇಂಬುದೇ,” ಎಂದ. “ಎಡ್ದ್ ಬದೀಲ್ ಎಂತದೂ ಕಾಂತಿಲ್ಲೆ ಸುಗುಣ.”

ಶ್ರೀಲತಾ ಒಳಗೆ ಬಂದಳು. “ಮಗಾ, ಇದನ್ನ್ ಅಳ್ಸಿ ಸುರುವಿಂದ ಮಾಡ್,” ಎಂದ ಮಂಜ.

“ಮತ್ತ್ ಸುರುವಿಂದ್ಲಾ?” ಎಂದು ಅವಳು ನಿಟ್ಟುಸಿರಿಟ್ಟಳು. ಬೆಳಗ್ಗಿನಿಂದ ಅವಳಿಗೂ ಸೊಂಟ ನೆಟ್ಟಗಾಗಿರಲಿಲ್ಲ. ಆದರೂ ಯಂತ್ರ ಸುರು ಮಾಡಿದಳು.

ಟಿಕ್. ಹೆಬ್ಬೆರಳು ಬಟನ್ನಿನ ಮೇಲೆ ಸುಮ್ಮನಿತ್ತು. ಟಿಕ್. ಅಲ್ಲಾಡಲಿಲ್ಲ. ಒಮ್ಮೆ ಒತ್ತಿತು, ಸುಗುಣ ಮುಂದಕ್ಕೆ ಬಾಗಿದಳು. ಮತ್ತೆ ಟಿಕ್, ಟಿಕ್, ಟಿಕ್. ಸುಳ್ಳು ಒತ್ತದಂತೆ ಮಾಡಿದವಳೇ ಈಗ, ಒತ್ತಿ, ಒಂದ್ ಸಲ ಆದ್ರೂ ಒತ್ತಿ ಎಂದು ಒಳಗೊಳಗೇ ಗೋಗರೆಯತೊಡಗಿದಳು. ಯಂತ್ರದ ಒಂದೊಂದು ಸದ್ದಿಗೂ ಕತ್ತಲಲ್ಲಿ ಅವಳ ಹೆಬ್ಬೆರಳು ಸೆರಗಿನ ಅಂಚನ್ನು ಒತ್ತುತ್ತಿತ್ತು.