ಭುಜದ ಮೇಲಿನ ಕೈ

ಗೋಡೆಗೆ ಹೊಡೆದ ಮೊಳೆ ಎರಡನೇ ಸಲವೂ ಬಾಗಿತು. ಅದನ್ನು ನೆಟ್ಟಗೆ ಮಾಡಲು ಹೋಗಿ ಚಿಕ್ಕಪ್ಪ ಹೆಬ್ಬೆರಳಿಗೆ ಪೆಟ್ಟು ತಿಂದ. ಕೆಳಗೆ ಮಂಚದ ಮೇಲೆ ಅವನ ಅಣ್ಣನ ಹೆಣ. ಹನ್ನೊಂದಕ್ಕೆ ಗಾಡಿ ಬರಲಿತ್ತು.

"ಸಾಕು ಬಿಡಿ ಚಿಕ್ಕಪ್ಪ, ಹಾಗೇ ನೇತುಹಾಕಿ," ಎಂದಳು ಸತ್ತವನ ಮಗಳು. ಫೋಟೋ ಗೋಡೆಗೇರಿದ ಮೇಲೆ ಹತ್ತಿರ ಬಂದಳು. "ಅಪ್ಪನ ಪಕ್ಕದಲ್ಲಿರೋದು ಯಾರು?"

"ನಂಗೇನು ಗೊತ್ತು! ಅವನ ಮುಖ ಇರೋದು ಅಂತ ಸಿಕ್ಕಿದ್ದು ಇದೊಂದೇ ನೆಗೆಟಿವ್. ಮೇಲೆ ಕೆಂಪು ಕೊಳೆ ಕೂತಿತ್ತು. ಒದ್ದೆ ಹತ್ತೀಲಿ ಒರೆಸಿ ಪ್ರಿಂಟ್ ಹಾಕಿಸ್ದೆ, ಇವನೊಬ್ಬ ಎದ್ದು ಬಂದ."

ಫೋಟೋದಲ್ಲಿ ಅಪ್ಪ ಕ್ಯಾಮೆರಾ ಎದುರು ನಿಂತಿದ್ದ. ಅವನ ಭುಜದ ಮೇಲೆ ಕೈಹಾಕಿ ಒಬ್ಬ ತೆಳ್ಳನೆಯ ಯುವಕ ನಗುತ್ತಿದ್ದ. ಹಿಂದೆ ಮೇಜಿನ ತುಂಬ ಪುಡಿಯ ಪೊಟ್ಟಣಗಳು.

"ಡ್ರಗ್ಸ್ ಮಾರೋ ಯಾವನೋ ಇರ್ಬೇಕು," ಎಂದ ಚಿಕ್ಕಪ್ಪ. "ಆರು ತಿಂಗಳು ಅವರ ಜೊತೇನೇ ಉಂಡು ಮಲಗಿದ್ನಲ್ಲ. ಪೇಪರಿಗೆ ಫೋಟೋ ತೆಗೀತಿದ್ನೋ, ಪುಡಿ ಕಟ್ತಿದ್ನೋ, ದೇವರಿಗೇ ಗೊತ್ತು."

"ಎರಡೂ ಇರ್ಬಹುದು," ಎಂದಳು ಅಮ್ಮ. ಅವಳು ಅಳುತ್ತಿರಲಿಲ್ಲ. "ಕೇಳಿದ್ರೆ ಕೆಲಸ ಅಂತಿದ್ರು."

*

ಆಗ ಮಗಳಿಗೆ ಒಂಬತ್ತು ವರ್ಷ. ಬಚ್ಚಲುಮನೆಯೇ ಅಪ್ಪನ ಕತ್ತಲೆಕೋಣೆ. ಗಾಜಿನ ಕೆಳಗೆ ಬಲ್ಬು ಇಟ್ಟು, ಸಣ್ಣ ಕುಂಚದಲ್ಲಿ ನೆಗೆಟಿವ್ ಮೇಲೆ ಕೆಂಪು ಬಣ್ಣ ಹಚ್ಚುತ್ತಿದ್ದ. ಬಣ್ಣ ಬಿದ್ದ ಜಾಗ ಪ್ರಿಂಟಿನಲ್ಲಿ ಬೆಳ್ಳಗೆ ಬರುತ್ತಿತ್ತು. ಪುಡಿ ತೂಗುವವರು, ಟಯರಿನೊಳಗೆ ತುಂಬುವವರು, ಗೋಡೆಗೊರಗಿ ಸೂಜಿ ಚುಚ್ಚಿಕೊಳ್ಳುವವರು, ಯಾರಿಗೂ ಮುಖವಿರಲಿಲ್ಲ.

"ಯಾಕಪ್ಪ ಅಳಿಸ್ತೀಯ?"

"ನನ್ನನ್ನ ಗೋದಾಮಿನ ಒಳಗೆ ಬಿಟ್ಟೋನಿಗೆ ಮಾತು ಕೊಟ್ಟಿದೀನಿ. ಬರೀ ಕೈ ತೋರಿಸ್ತೀನಿ ಅಂತ."

"ಕೈ ನೋಡಿದ್ರೆ ಗೊತ್ತಾಗಲ್ವಾ?"

"ಕೈ ಎಲ್ಲರಿಗೂ ಇರತ್ತೆ, ಹೋಗಿ ಮಲ್ಕೋ."

ಫೋಟೋಗಳು ಪತ್ರಿಕೆಯಲ್ಲಿ ಅಚ್ಚಾದ ವಾರವೇ ಪೊಲೀಸರು ಆ ಗೋದಾಮಿಗೆ ನುಗ್ಗಿದರು. ಅಪ್ಪ ಮತ್ತೆ ಪತ್ರಿಕೆಯ ಕಡೆ ತಲೆಹಾಕಲಿಲ್ಲ. ಸ್ಟುಡಿಯೋ ತೆರೆದ. "ಗಲ್ಲ ಸ್ವಲ್ಪ ಮೇಲೆ, ಹಾಂ, ನಗಬೇಡಿ" ಎನ್ನುತ್ತಾ ಇಪ್ಪತ್ತೆರಡು ವರ್ಷ ಪಾಸ್‌ಪೋರ್ಟ್ ಫೋಟೋ ತೆಗೆದ.

*

ಹತ್ತು ಗಂಟೆಗೆ ಆ ಪತ್ರಿಕೆಯ ಸಂಪಾದಕರು ಬಂದರು. ಅವರ ಹಿಂದೆಯೇ ಸಮವಸ್ತ್ರದಲ್ಲಿದ್ದ ಒಬ್ಬ ಬಸ್ ಚಾಲಕ. ಅವನು ಹೆಣದ ಕಡೆ ನೋಡಿದ, ತಲೆಯೆತ್ತಿ ಫೋಟೋ ನೋಡಿದ, ಅಲ್ಲೇ ನಿಂತುಬಿಟ್ಟ. ಕೈಯಲ್ಲಿದ್ದ ಹೂ ಇಡಬೇಕೋ ಬೇಡವೋ ತಿಳಿಯದವನಂತೆ.

"ಅಪರೂಪದ ಫೋಟೋ!" ಸಂಪಾದಕರು ಮೊಬೈಲ್ ಎತ್ತಿದರು. "ನಾಳೆ ಮೊದಲ ಪುಟಕ್ಕೆ ಹಾಕ್ತೀನಮ್ಮ."

ಮಗಳು ಚಾಲಕನನ್ನು ನೋಡಿದಳು. ಮೈ ತುಂಬಿಕೊಂಡಿತ್ತು, ಕೂದಲು ನರೆತಿತ್ತು, ಮೂಗು ಅದೇ. ಅವಳು ನೇರ ಹೋಗಿ ಫೋಟೋದಲ್ಲಿದ್ದ ಯುವಕನ ಮುಖದ ಮೇಲೆ ಅಂಗೈ ಒತ್ತಿದಳು.

"ಗಾಜು ಮಿಂಚತ್ತೆ ಸಾರ್. ಬಿಚ್ಚಿ ಕೊಡ್ತೀನಿ, ತಡೀರಿ."

ಫೋಟೋ ಎತ್ತಿಕೊಂಡು ಅವಳು ಅಡುಗೆಮನೆಗೆ ಹೋದಳು. ಚಾಲಕ ಹಿಂದೆಯೇ ಬಂದ.

"ಅವತ್ತು ಜೈಲಿಗೆ ಹೋದೋರು ಈಗ ಹೊರಗಿದಾರೆ ತಾಯಿ. ಕ್ಯಾಮೆರಾ ಒಳಗೆ ಬಿಟ್ಟೋನು ಯಾರು ಅಂತ ಇನ್ನೂ ಹುಡುಕ್ತಾರೆ. ಇದು ಪೇಪರಲ್ಲಿ ಬಂದ್ರೆ ನನ್ನ ಕತೆ ಮುಗೀತು." ಕೈಯಲ್ಲಿದ್ದ ಹೂವನ್ನು ಒಲೆಯ ಪಕ್ಕ ಇಟ್ಟ. "ಮಾತು ಕೊಟ್ಟಿದ್ರು. ನಂಬ್ಕೊಂಡೇ ಇದ್ದೆ. ಈಗ ಗೋಡೆ ಮೇಲೆ ನನ್ನ ಮುಖ..."

"ಅಪ್ಪ ಬಣ್ಣ ಹಚ್ಚೇ ಇಟ್ಟಿದ್ರು. ಚಿಕ್ಕಪ್ಪ ಕೊಳೆ ಅಂತ ಒರೆಸಿಬಿಟ್ರು."

ಚಾಲಕ ಒಲೆಯ ಕಟ್ಟೆ ಹಿಡಿದುಕೊಂಡ. ನಗು ಬಂತೋ ಏನೋ, ಮುಖ ತಿರುಗಿಸಿದ.

"ಅಪ್ಪ ಅಲ್ಲಿ ಬರೀ ಫೋಟೋ ತೆಗೀತಿದ್ರಾ?" ಎಂದು ಕೇಳಿದಳು.

"ಸುಮ್ನೆ ನಿಂತೋರ ಮೇಲೆ ಅನುಮಾನ ಬರ್ತಿತ್ತು. ಪೊಟ್ಟಣಾನೂ ಕಟ್ಟಿದಾರೆ. ಚೆನ್ನಾಗಿ ಕಟ್ತಿರಲಿಲ್ಲ," ಎಂದ.

"ಪೊಲೀಸರಿಗೆ ಹೇಳಿದ್ದು ಅಪ್ಪಾನಾ?"

"ನಾನಲ್ಲ ಅಂದಿದ್ರು. ನಂಗೊತ್ತಿಲ್ಲ ತಾಯಿ."

ಅವಳು ಚಿಕ್ಕಪ್ಪನನ್ನು ಕರೆದು ನೆಗೆಟಿವ್ ಕೇಳಿದಳು. ಅವನು ಜೇಬಿನಿಂದ ತೆಗೆದ. ಏನು ಎತ್ತ ಎಂದು ಅವನು ಕೇಳುವ ಮೊದಲೇ ಅದು ಚಾಲಕನ ಟೋಪಿಯೊಳಗೆ ಹೋಯಿತು.

ಹಾಲಿನ ಪೊಟ್ಟಣ ಕತ್ತರಿಸುವ ಕತ್ತರಿ ಹಿಡಿದು ಅವಳು ಫೋಟೋವನ್ನು ಚೌಕಟ್ಟಿನಿಂದ ಬಿಚ್ಚಿ, ಯುವಕನ ಕಡೆಯ ಅಂಚಿನಿಂದ ಕತ್ತರಿಸುತ್ತ ಬಂದಳು. ಭುಜದ ಹತ್ತಿರ ಕತ್ತರಿ ನಿಂತಿತು. ಕೈಯನ್ನು ತೆಗೆದರೆ ಅಪ್ಪನ ಭುಜವೂ ಹೋಗುತ್ತಿತ್ತು.

"ಕೈ ಇರ್ಲಿ ಬಿಡಿ," ಎಂದ ಚಾಲಕ.

ಗಾಡಿ ಬಂತು. ಅದಕ್ಕೂ ಮೊದಲು ಚಿಕ್ಕಪ್ಪ ಗೊಣಗುತ್ತಲೇ ಫೋಟೋವನ್ನು ಅದೇ ಬಾಗಿದ ಮೊಳೆಗೆ ನೇತುಹಾಕಿದ್ದ. ಸಂಪಾದಕರು ಅದರದೊಂದು ಚಿತ್ರ ತೆಗೆದುಕೊಂಡು, ಮೊಬೈಲ್ ನೋಡಿ, ಮತ್ತೆ ಗೋಡೆ ನೋಡಿದರು. ಮೊಬೈಲನ್ನು ಜೇಬಿಗಿಳಿಸಿದರು. ಹೆಣ ಎತ್ತಲು ಒಬ್ಬ ಕಡಿಮೆಯಾಗಿದ್ದ. ಚಾಲಕ ಬಂದು ಹೆಗಲು ಕೊಟ್ಟ.

ಮಂಚ ಖಾಲಿಯಾಯಿತು. ಓರೆಯಾಗಿ ತೂಗುತ್ತಿದ್ದ ಚೌಕಟ್ಟಿನಲ್ಲಿ ಅರ್ಧ ಅಪ್ಪ, ಅರ್ಧ ಬಿಳಿ ರಟ್ಟು. ಮಣಿಕಟ್ಟಿಗೆ ಕತ್ತರಿಸಿದ ಕೈಯೊಂದು ಅವನ ಭುಜವನ್ನು ಹಿಡಿದೇ ಇತ್ತು.