ಮೀಟರಿನ ಹಸಿವು

ಇನ್ನೆರಡು ಅಂಕ ಏರಿಸಿದಳು. ಮೀಟರು ಒಪ್ಪಲಿಲ್ಲ.

ಕಾರಿನ ಮುಂದಿನ ಸೀಟಿನಲ್ಲಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತಿದ್ದಳು. ಕಾರು ಶೆಡ್ಡಿನಲ್ಲಿ ನಿಂತಿತ್ತು, ಎಂಜಿನ್ ಸಣ್ಣಗೆ ಓಡುತ್ತಿತ್ತು. ಪರದೆಯ ತುಂಬ ಸಾಲುಸಾಲು ಚೌಕದ ಮನೆಗಳು, ಮನೆಗೊಂದು ಸಂಖ್ಯೆ. ಎಂಜಿನ್ ಎಷ್ಟು ವೇಗದಲ್ಲಿ ತಿರುಗುತ್ತ ಎಷ್ಟು ಭಾರ ಎಳೆಯುವಾಗ ಎಷ್ಟು ಪೆಟ್ರೋಲು ಹಾಯಬೇಕು ಎಂಬುದು ಆ ಸಂಖ್ಯೆಗಳಲ್ಲಿತ್ತು. ಪಕ್ಕದಲ್ಲೇ ಹೊಗೆಯ ಮೀಟರು. ಅದು ಒಂದು ಎಂದು ತೋರಿಸಿದರೆ ಗಾಳಿ, ಪೆಟ್ರೋಲು ಎರಡೂ ಸಮ. ಒಂದನ್ನು ದಾಟಿದರೆ ಪೆಟ್ರೋಲು ಸಾಲದು, ಕೆಳಗಿಳಿದರೆ ಹೆಚ್ಚಾಯಿತು. ಕಾರು ನಿಂತಲ್ಲೇ ಎಂಜಿನ್ ಓಡುವಾಗಿನ ಕೆಳಸಾಲಿನ ಮನೆಗಳಿಗೆ ಅವಳು ವಾರದಿಂದ ಪೆಟ್ರೋಲು ಸುರಿಯುತ್ತಿದ್ದಳು. ಮೀಟರು ಸಾಲದು, ಸಾಲದು ಎನ್ನುತ್ತಲೇ ಇತ್ತು.

ಶೆಡ್ಡು ಮೈದುನನದು. ಫೋನ್ ಎತ್ತಿ ಮಾತಾಡುವುದಕ್ಕೆಂದು ಬಂದು ಸೇರಿದ್ದವಳು, ಅವನ ಹೆಗಲ ಮೇಲಿಂದ ಇಣುಕಿ ನೋಡುತ್ತ ನೋಡುತ್ತ ಈ ಮನೆಗಳ ಹುಚ್ಚು ಹಿಡಿಸಿಕೊಂಡಿದ್ದಳು. ಕಲಿಯುವವರ ಕೈಗೆ ಗಿರಾಕಿಗಳ ಕಾರು ಕೊಡುವ ಹಾಗಿರಲಿಲ್ಲ. ಹಾಗಾಗಿ ಅವಳ ಗಂಡನ ಹಳೆಯ ಕಾರಿಗೇ ಮೈದುನ ಪೆಟ್ರೋಲಿನ ಲೆಕ್ಕ ನೋಡುವ ಹೊಸ ಕಂಪ್ಯೂಟರ್ ಕೂರಿಸಿ, "ಅತ್ತಿಗೆ, ನಿಮ್ಮ ಯಜಮಾನರ ರಥ, ನಿಮ್ಮ ಹಣೆಬರಹ" ಎಂದಿದ್ದ. ಇದು ಸರಿಹೋದರೆ ಮುಂದಿನ ವಾರ ಬರುವ ಗಿರಾಕಿಯ ಕಾರನ್ನು ಅವಳೊಬ್ಬಳೇ ಮಾಡಬಹುದು ಎಂದೂ ಹೇಳಿದ್ದ.

ಗಂಡನದು ಬೇರೆಯೇ ಲೆಕ್ಕ. "ಇದೊಂದನ್ನ ಸರಿಮಾಡೋಕೆ ಆಗ್ಲಿಲ್ಲ ಅಂದ್ರೆ ಸುಮ್ನೆ ಮನೇಲಿರು. ಈ ವಯಸ್ಸಲ್ಲಿ ಯಾಕೆ ಮಸಿ ಬಳ್ಕೊಳ್ತೀಯ?" ಎಂದಿದ್ದ. ಅವಳು "ಆಯ್ತು" ಎಂದಿದ್ದಳು. ಬಾಯಿ ತನ್ನಷ್ಟಕ್ಕೆ ತಾನೇ ಹೇಳಿಬಿಟ್ಟಿತ್ತು. ಎಷ್ಟೋ ವರ್ಷಗಳಿಂದ ಆಡಿ ಪಳಗಿದ ಮಾತು.

ಮೊದಲ ಸಲ ಅವಳು ಸಂಖ್ಯೆಗಳನ್ನು ಹೊಂದಿಸಿದಾಗ ಮೀಟರು ಒಂದರ ಮೇಲೆ ಕುಳಿತಿತ್ತು. ಮಗು ನಿದ್ದೆಹೋದ ಹಾಗೆ, ಮಿಸುಕಾಡದೆ. ಅವಳು ಉಸಿರು ಬಿಗಿಹಿಡಿದು ನೋಡಿದ್ದಳು. ಸಂಜೆ ಗಂಡ ಒಂದು ಸುತ್ತು ಓಡಿಸಿ ಬಂದು, "ಪರವಾಗಿಲ್ಲ. ಆದ್ರೂ ಏನೋ ಒಂದು ಕಮ್ಮಿ ಅನ್ಸುತ್ತೆ ಕಣೇ" ಎಂದ. ಅದಾದ ಕೆಲವೇ ದಿನಕ್ಕೆ ಮೀಟರೂ ಅದೇ ರಾಗ ತೆಗೆಯಿತು. ಇಬ್ಬರೂ ಒಂದೇ ಮಾತು ಹೇಳಿದ ಮೇಲೆ ಅನುಮಾನಕ್ಕೆ ಎಲ್ಲಿದೆ ಜಾಗ? ಏರಿಸಿದಳು. ಮತ್ತೆ ಏರಿಸಿದಳು. ಈಗ ಕಾರಿನ ಹತ್ತಿರ ನಿಂತರೆ ಪೆಟ್ರೋಲಿನ ವಾಸನೆ ಕಣ್ಣಿಗೇ ಹೊಡೆಯುತ್ತಿತ್ತು.

ಎಂಜಿನ್ ಆರಿಸಿ ಇಳಿದಳು. ಅದು ತಣ್ಣಗಾದ ಮೇಲೆ ಒಂದು ಪ್ಲಗ್ ಬಿಚ್ಚಿ ಬಟ್ಟೆಯ ಮೇಲಿಟ್ಟು ನೋಡಿದಳು. ತುದಿಯೆಲ್ಲ ಕಾಡಿಗೆ. ಬೆರಳಿಗೆ ಮೆತ್ತಿಕೊಂಡಿತು. ಪೆಟ್ರೋಲು ಸಾಲದ ಎಂಜಿನ್ನಿನ ಪ್ಲಗ್ಗು ಹೀಗಿರುವುದಿಲ್ಲ. ಮೀಟರು ಹಸಿವು ಎನ್ನುತ್ತದೆ, ಪ್ಲಗ್ಗು ಅಜೀರ್ಣ ಎನ್ನುತ್ತದೆ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿರಬೇಕು.

ಮತ್ತೆ ಪರದೆಯನ್ನು ನೋಡುತ್ತ ಕುಳಿತಳು. ಮೇಲಿನ ಸಾಲುಗಳು ತೆಪ್ಪಗಿದ್ದವು. ಏರು ಹತ್ತುವಾಗ ಕೂಡ ಮೀಟರು ಒಮ್ಮೆಯೂ ತಕರಾರು ತೆಗೆದಿರಲಿಲ್ಲ. ಮೈ ಮುರಿದು ದುಡಿಯುವಾಗ ಇಲ್ಲದ ಹಸಿವು ನಿಂತಲ್ಲಿ ಮಾತ್ರ ಯಾಕೆ?

ಮೀಟರಿನ ಮಾತೇ ತಪ್ಪು ಎಂದು ಹೇಳಬೇಕು. ಹೇಳುವುದು ಹೇಗೆ? ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಗಂಡ ನಗುತ್ತಾನೆ. ಆ ನಗು ಅವಳಿಗೆ ಈಗಲೇ ಕೇಳಿಸಿತು. ಪ್ಲಗ್ಗನ್ನು ಒರೆಸಿ ಅದರ ಜಾಗಕ್ಕೆ ತಿರುಗಿಸುತ್ತ, ಸುಮ್ಮನಿದ್ದುಬಿಡಲೇ, ಇನ್ನೆರಡು ಅಂಕ ಏರಿಸಿಬಿಡಲೇ ಎಂದುಕೊಂಡಳು. ಏರಿಸುವುದು ಸುಲಭ. ಏರಿಸುವವರನ್ನು ಯಾರೂ ಬೈಯುವುದಿಲ್ಲ.

ಆಚೆ ಇನ್ನೊಂದು ಕಾರಿನ ಕೆಳಗಿಂದ ಮೈದುನನ ಕಾಲುಗಳು ಮಾತ್ರ ಕಾಣುತ್ತಿದ್ದವು.

"ಒಂದು ಮಾತು ಹೇಳ್ತೀನಿ, ನಗಬಾರದು" ಎಂದಳು ಆ ಕಾಲುಗಳಿಗೆ.

"ನಗೋ ಮಾತಾಗಿದ್ರೆ ನಗ್ತೀನಪ್ಪ."

"ಮೀಟರ್ ಹೇಳೋದು ನಂಗ್ಯಾಕೋ ನಂಬಿಕೆ ಬರ್ತಿಲ್ಲ."

ಕಾಲುಗಳು ಅಲುಗಾಡಿ, ಹಿಂದೆಯೇ ಮೈದುನನೂ ಈಚೆ ಜಾರಿ ಬಂದ. ಹಣೆಯ ಮೇಲೆ ಗ್ರೀಸಿನ ಗೆರೆ. "ವಾರದಿಂದ ಎಷ್ಟು ಸುರಿದ್ರಿ?"

ಅವಳು ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದಳು. ಅವನು ಹಣೆಗೆ ಕೈ ಹಚ್ಚಿ ಇನ್ನೊಂದು ಗೆರೆ ಎಳೆದುಕೊಂಡ. "ಅಯ್ಯೋ ಅತ್ತಿಗೆ! ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋರು ನೀವೇನಾ? ಅದು ಕೇಳ್ತು ಅಂತ ಕೊಡ್ತಾನೇ ಹೋದ್ರಾ?"

"ಕೇಳ್ದಾಗ ಇಲ್ಲ ಅನ್ನೋದನ್ನ ನಂಗೆ ಯಾರು ಕಲಿಸಿದ್ರು?"

ತಮಾಷೆಗೆಂದು ಆಡಿದ ಮಾತು. ಅವನು ಮಾತ್ರ ನಗಲಿಲ್ಲ. ಮೈದುನ ಮೇಲೆದ್ದು ಕೈ ಒರೆಸಿಕೊಂಡ. "ಸರಿ. ಸುಳ್ಳು ಅಂತೀರಲ್ಲ, ಯಾಕೆ ಸುಳ್ಳು? ಹೇಳಿ ನೋಡೋಣ."

"ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಕೆಳಗೆಲ್ಲೋ ಟಿಕ್ ಟಿಕ್ ಅನ್ನುತ್ತೆ. ಬಿಸಿಯಾದ್ಮೇಲೆ ಸಣ್ಣಗಾಗುತ್ತೆ. ಹೊಗೆ ಕೊಳವೆ ಎಲ್ಲೋ ಬಾಯಿ ಬಿಟ್ಟಿದೆಯೇನೋ. ಮೀಟರಿಗಿಂತ ಮುಂಚೆ ಹೊರಗಿನ ಗಾಳಿ ನುಗ್ಗಿದ್ರೆ, ಪಾಪ, ಅದಕ್ಕೆ ಗಾಳಿ ಜಾಸ್ತಿ ಅಂತಾನೇ ಕಾಣುತ್ತೆ, ಅಲ್ವಾ?"

ಅವನು ಸೋಪಿನ ನೀರಿನ ಬಾಟಲಿ ತಂದು ಅವಳ ಕೈಗಿತ್ತು, ತಾನು ಹೋಗಿ ಎಂಜಿನ್ ಸ್ಟಾರ್ಟ್ ಮಾಡಿದ. ಅವಳು ಬಗ್ಗಿ ಕೊಳವೆ ಎಂಜಿನ್ನಿಗೆ ಸೇರುವ ಕೀಲಿಗೆ ನೀರು ಚಿಮುಕಿಸಿದಳು. ಏನೂ ಆಗಲಿಲ್ಲ. ಇನ್ನೊಂದು ಪಕ್ಕಕ್ಕೆ ಸರಿದು, ಬೋಲ್ಟಿನ ಹಿಂದೆ, ಕಣ್ಣಿಗೆ ಕಾಣದ ಕಡೆ ಚಿಮುಕಿಸಿದಳು. ನೊರೆ ಎದ್ದಿತು. ಸಣ್ಣ ಸಣ್ಣ ಗುಳ್ಳೆಗಳು ಉಬ್ಬಿ ಒಡೆದವು, ಟಿಕ್ ಟಿಕ್ ಎಂಬ ಆ ಸದ್ದಿನ ತಾಳಕ್ಕೇ.

"ಬಂತು! ಬಂತು, ಬನ್ನಿ ಇಲ್ಲಿ!" ಎಂದು ಕೂಗಿಕೊಂಡಳು. ಅಷ್ಟು ಜೋರಾಗಿ ತಾನು ಕೂಗಿ ಎಷ್ಟು ಕಾಲವಾಯಿತೋ ಅವಳಿಗೇ ನೆನಪಿರಲಿಲ್ಲ.

ಮೈದುನ ಇಣುಕಿ ನೋಡಿ ಮೂಗು ಉಜ್ಜಿಕೊಂಡ. "ನಿಂತಲ್ಲಿ ಓಡುವಾಗ ಹೊಗೆ ಬಿಟ್ಟು ಬಿಟ್ಟು ಬರುತ್ತೆ, ನಡುನಡುವೆ ಗಾಳಿ ಒಳಗೆ ಎಳ್ಕೊಳ್ಳುತ್ತೆ. ಏರು ಹತ್ತುವಾಗ ಹೊಗೆಯ ರಭಸಕ್ಕೆ ಗಾಳಿಗೆ ದಾರಿನೇ ಇಲ್ಲ. ನೆಲ ನಿಜವಾಗ್ಲೂ ಡೊಂಕೇ ಇತ್ತು, ಅತ್ತಿಗೆ."

ಅವನೂ ಅದೇ ಗಾದೆಯನ್ನು ನೆನೆಯುತ್ತಿದ್ದನೆಂದು ಅವಳಿಗೆ ನಗು ಬಂತು. ನಕ್ಕು ನಕ್ಕು ಕಣ್ಣಲ್ಲಿ ನೀರು ತುಂಬಿ, ಒರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಮಸಿಯಾಯಿತು.

ಕೀಲಿನ ಸಂದಿ ಮುಚ್ಚಲು ಹಾಕಿದ್ದ, ಸುಟ್ಟುಹೋಗಿದ್ದ ಗ್ಯಾಸ್ಕೆಟ್ ತೆಗೆದು ಹೊಸದು ಹಾಕಿದರು. ಬೋಲ್ಟುಗಳನ್ನು ಅವಳೇ ಬಿಗಿದಳು. ಪ್ಲಗ್ಗುಗಳನ್ನೆಲ್ಲ ಒರೆಸಿ ಹಾಕಿ, ವಾರದ ಬದಲಾವಣೆಗಳನ್ನು ಪಕ್ಕಕ್ಕಿಟ್ಟು, ತಾನು ಮೊಟ್ಟಮೊದಲು ಉಳಿಸಿಟ್ಟಿದ್ದ ಸಂಖ್ಯೆಗಳನ್ನೇ ಮತ್ತೆ ಎಂಜಿನ್ನಿಗೆ ಕೊಟ್ಟಳು. ಮೀಟರು ಅತ್ತಿತ್ತ ತೂಗಾಡಿ ಒಂದರ ಮೇಲೆ ಬಂದು ನಿಂತಿತು. ಭುಜದ ಮೇಲಿಂದ ಯಾರೋ ತುಂಬಿದ ಕೊಡ ಇಳಿಸಿಕೊಂಡ ಹಾಗಾಯಿತು. ಮೊದಲ ದಿನವೇ ಅವಳು ಸರಿಯಾಗಿಯೇ ಮಾಡಿದ್ದಳು.

"ಗಿರಾಕಿಗೆ ಫೋನ್ ಮಾಡಿ ಹೇಳ್ಬಿಡ್ತೀನಿ, ಕಾರು ನಮ್ಮ ಅತ್ತಿಗೆ ನೋಡ್ತಾರೆ ಅಂತ" ಎಂದು ಮೈದುನ ಒಳಕ್ಕೆ ಹೋದ.

ಸಂಜೆ ಗಂಡ ಬಂದ. ಅವನು ಓಡಿಸಿದ, ಅವಳು ಪಕ್ಕದಲ್ಲಿ ಲ್ಯಾಪ್‌ಟಾಪ್ ತೆರೆದು ಕುಳಿತಳು. ಕಾರು ಬೆಣ್ಣೆಯ ಮೇಲೆ ಜಾರಿದ ಹಾಗೆ ಬೀದಿ ದಾಟಿ ದೊಡ್ಡ ರಸ್ತೆಗೆ ಬಂತು. ಗಂಡ ಕತ್ತು ವಾರೆ ಮಾಡಿ ಸದ್ದು ಕೇಳಿಸಿಕೊಂಡ.

"ಚೆನ್ನಾಗಿದೆ. ಆದ್ರೂ ಏನೋ ಒಂದು ಕಮ್ಮಿ ಇದೆ ಕಣೇ."

ಅವಳ ಬೆರಳು ತಾನಾಗಿಯೇ ಅಂಕ ಏರಿಸುವ ಕೀಲಿಯ ಮೇಲೆ ಹೋಗಿ ಕುಳಿತಿತು. ಪರದೆ ನೋಡಿದಳು. ಒಂದು. ತಿರುಗಿ ಅವನ ಮುಖ ನೋಡಿದಳು. ಅದರಲ್ಲಿ ಕೊಂಕಿರಲಿಲ್ಲ, ಸಿಟ್ಟಿರಲಿಲ್ಲ. ಕಾಫಿಗೆ, ಕಿಟಕಿಯ ಪರದೆಗೆ, ಅವಳುಟ್ಟ ಸೀರೆಗೆ ಹೇಳುವಂತೆಯೇ ಹೇಳಿದ್ದ. ಕೆಮ್ಮಿನ ಹಾಗೆ ಬಂದು ಹೋಗುವ ಮಾತು. ಆ ಕಮ್ಮಿಯನ್ನು ತುಂಬಲು ಅವಳು ಎಷ್ಟು ಸುರಿದಿದ್ದಳು!

ಏನನ್ನೂ ಒತ್ತದೆ ಬೆರಳು ಎತ್ತಿ, ಲ್ಯಾಪ್‌ಟಾಪ್ ಮುಚ್ಚಿದಳು. ಮುಚ್ಚಳ ಟಪ್ಪೆಂದಿತು.

"ಹಾಂ! ಈಗ ನೋಡು!" ಗಂಡ ಸ್ಟಿಯರಿಂಗ್ ತಟ್ಟಿದ. "ಈಗ ಎಳೀತಾ ಇದೆ! ನಾನು ಹೇಳ್ಲಿಲ್ವಾ?"

"ಹೇಳಿದ್ರಿ" ಎಂದು ಕಿಟಕಿಯ ಕಡೆ ಮುಖ ತಿರುಗಿಸಿದಳು. ನಗು ಗಂಟಲವರೆಗೆ ಬಂದಿತ್ತು.

ಇನ್ನು ಮೇಲೆ ಈ ಕಾರಿನ ಒಂದು ಸಂಖ್ಯೆಯನ್ನೂ ಮುಟ್ಟುವುದಿಲ್ಲ ಎಂದುಕೊಂಡಳು. ಕಮ್ಮಿ ಎಂದಾಗಲೆಲ್ಲ ಮುಚ್ಚಳ ತೆಗೆದು, ಮತ್ತೆ ಮುಚ್ಚಿದರಾಯಿತು. ಗಂಡ ಗೇರು ಬದಲಿಸುತ್ತ ಏನೋ ಕೇಳಿದ. ಅವಳು ಸೀಟನ್ನು ಹಿಂದಕ್ಕೆ ವಾಲಿಸಿ, ಹಾಯಾಗಿ ಒರಗಿಕೊಂಡಳು.